ಬದಲಾಗದ್ದನ್ನು ಹಿಡಿಯಿರಿ: ಕರೆಂಟ್ ಲೆಕ್ಕ ಗೆಲ್ಲಲು 8 ಸೂತ್ರಗಳು

ಗೀಸರ್ ಮೇಲೆ ‘230 ವೋಲ್ಟ್, 2000 ವ್ಯಾಟ್’ ಎಂದಿರುತ್ತದೆ. ಅದು ಎಷ್ಟು ಕರೆಂಟ್ ಎಳೆಯುತ್ತದೆ, ಒಳಗಿನ ಕಾಯಿಲ್‌ನ ರೋಧ ಎಷ್ಟು, ಯಾವ ಪ್ಲಗ್ ಬೇಕು ಎಂಬುದೆಲ್ಲ ಆ ಎರಡು ಅಂಕಿಗಳಲ್ಲೇ ಅಡಗಿದೆ. ಹತ್ತನೇ ತರಗತಿಯವರಿರಲಿ, ಐಟಿಐ ಓದುವವರಿರಲಿ, ಹೊಸದಾಗಿ ವೈರಿಂಗ್ ಕೆಲಸಕ್ಕೆ ಇಳಿದವರಿರಲಿ, ಹೆಚ್ಚಿನವರಿಗೆ ಸೂತ್ರ ಬಾಯಿಗೆ ಬರುತ್ತದೆ. ಆದರೂ ಲೆಕ್ಕ ತಪ್ಪುತ್ತದೆ. ಯಾವುದು ಬದಲಾಗುತ್ತದೆ, ಯಾವುದು ಬದಲಾಗದೆ ನಿಲ್ಲುತ್ತದೆ ಎಂದು ನೋಡದೆ ಸೂತ್ರಕ್ಕೆ ಕೈಹಾಕುವುದೇ ಇದಕ್ಕೆ ಕಾರಣ.

1. ಎರಡನ್ನೇ ನೆನಪಿಡಿ
ವೋಲ್ಟ್ = ಆಂಪಿಯರ್ × ಓಮ್. ವ್ಯಾಟ್ = ವೋಲ್ಟ್ × ಆಂಪಿಯರ್. ಮೊದಲನೆಯದು ಜರ್ಮನಿಯ ಶಿಕ್ಷಕ ಜಾರ್ಜ್ ಸೈಮನ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮ. ಅದನ್ನು ಎರಡನೆಯದರೊಳಗೆ ಸೇರಿಸಿದರೆ ಉಳಿದವು ತಾವೇ ಹುಟ್ಟುತ್ತವೆ: ವ್ಯಾಟ್ = ಆಂಪಿಯರ್ × ಆಂಪಿಯರ್ × ಓಮ್; ವ್ಯಾಟ್ = ವೋಲ್ಟ್ × ವೋಲ್ಟ್ ÷ ಓಮ್. ಒಮ್ಮೆ ನಿಮ್ಮ ಕೈಯಿಂದಲೇ ಬಿಡಿಸಿ ನೋಡಿ. ಮತ್ತೆ ಉರು ಹೊಡೆಯುವ ಅಗತ್ಯವೇ ಬೀಳುವುದಿಲ್ಲ.

2. ಮೊದಲು ಏಕಮಾನ, ಆಮೇಲೆ ಭಾಗಾಕಾರ
5 ವೋಲ್ಟ್ ಸಪ್ಲೈಗೆ ಕೆಂಪು ಎಲ್‌ಇಡಿ ಹಾಕಬೇಕು. ಎಲ್‌ಇಡಿ 2 ವೋಲ್ಟ್ ತೆಗೆದುಕೊಂಡರೆ ರೋಧಕಕ್ಕೆ ಉಳಿಯುವುದು 3 ವೋಲ್ಟ್. ಹರಿಯಬೇಕಾದದ್ದು 20 ಮಿಲಿಆಂಪಿಯರ್, ಅಂದರೆ 0.02 ಆಂಪಿಯರ್. 3 ÷ 0.02 = 150 ಓಮ್. ಅವಸರದಲ್ಲಿ 3 ÷ 20 ಮಾಡಿದರೆ 0.15 ಓಮ್ ಬರುತ್ತದೆ. ಅದನ್ನು ನಂಬಿ ಜೋಡಿಸಿದ ಎಲ್‌ಇಡಿ ಸುಟ್ಟೇ ಹೋಗುತ್ತದೆ.

3. ನೇಮ್‌ಪ್ಲೇಟ್ ಓದುವ ಅಭ್ಯಾಸ ಮಾಡಿ
ಗೀಸರ್‌ನ 2000 ವ್ಯಾಟನ್ನು 230 ವೋಲ್ಟ್‌ನಿಂದ ಭಾಗಿಸಿ: ಸುಮಾರು 8.7 ಆಂಪಿಯರ್. 6 ಆಂಪಿಯರ್ ಪ್ಲಗ್ ಸಾಲದು, 16 ಆಂಪಿಯರ್‌ನದೇ ಬೇಕು. ಈಗ 230 ಅನ್ನು 8.7ರಿಂದ ಭಾಗಿಸಿದರೆ ಕಾಯಿಲ್‌ನ ರೋಧ ಸುಮಾರು 26.4 ಓಮ್.

4. ವೋಲ್ಟೇಜ್ ಇಳಿದಾಗ ವ್ಯಾಟನ್ನು ನಂಬಬೇಡಿ
ಹೆಚ್ಚು ಜನ ಎಡವುವ ಜಾಗ ಇದು. ಸಂಜೆ ಊರಿನ ವೋಲ್ಟೇಜ್ 180ಕ್ಕೆ ಇಳಿಯಿತು ಎನ್ನಿ. ಆಗ ಗೀಸರ್ ಎಳೆಯುವ ಕರೆಂಟ್ ಎಷ್ಟು? 2000 ÷ 180 = 11.1 ಎಂದು ಬರೆದರೆ ತಪ್ಪು. ಆ 2000 ವ್ಯಾಟ್ 230 ವೋಲ್ಟ್ ಸಿಕ್ಕಾಗ ಮಾತ್ರ ಸತ್ಯ. ಇಲ್ಲಿ ಬದಲಾಗದೆ ನಿಂತಿರುವುದು ಕಾಯಿಲ್‌ನ ರೋಧ. ಆದ್ದರಿಂದ 180 ÷ 26.4 = 6.8 ಆಂಪಿಯರ್. ಸಾಮರ್ಥ್ಯ ಸುಮಾರು 1225 ವ್ಯಾಟ್. ವೋಲ್ಟೇಜ್ ಇಳಿದದ್ದು ಶೇಕಡಾ 22ರಷ್ಟು. ಶಾಖ ಇಳಿದದ್ದು ಶೇಕಡಾ 39ರಷ್ಟು. ನೀರು ಕಾಯಲು ಯಾಕೆ ಅಷ್ಟು ಹೊತ್ತು ಹಿಡಿಯುತ್ತದೆ ಎಂಬುದಕ್ಕೆ ಉತ್ತರ ಸಿಕ್ಕಿತಲ್ಲ!

5. ಸರಣಿಯಲ್ಲಿ ಕರೆಂಟ್, ಸಮಾಂತರದಲ್ಲಿ ವೋಲ್ಟೇಜ್
ಸರಣಿ ಜೋಡಣೆಯಲ್ಲಿ ಎಲ್ಲದರಲ್ಲೂ ಒಂದೇ ಕರೆಂಟ್ ಹರಿಯುತ್ತದೆ. ಸಮಾಂತರದಲ್ಲಿ ಎಲ್ಲಕ್ಕೂ ಒಂದೇ ವೋಲ್ಟೇಜ್ ಸಿಗುತ್ತದೆ. 60 ಮತ್ತು 100 ವ್ಯಾಟ್‌ನ ಹಳೆಯ ತಂತಿ ಬಲ್ಬುಗಳನ್ನು ಸರಣಿಯಲ್ಲಿ ಹಾಕಿದರೆ ಹೆಚ್ಚು ಬೆಳಗುವುದು ಯಾವುದು? 60ರದು. ಅದರ ರೋಧ ಸುಮಾರು 882 ಓಮ್, 100ರದು 529. ಕರೆಂಟ್ ಒಂದೇ ಆದಾಗ ರೋಧ ಹೆಚ್ಚಿದ್ದಕ್ಕೇ ಹೆಚ್ಚು ಶಾಖ.

ಆದರೆ ಅದೇ 60ರ ಬಲ್ಬನ್ನು ಹೋಲ್ಡರ್‌ನಿಂದ ಬಿಚ್ಚಿ ಮಲ್ಟಿಮೀಟರ್‌ಗೆ ಹಿಡಿದರೆ 100 ಓಮ್‌ಗಿಂತ ಕಡಿಮೆ ತೋರಿಸುತ್ತದೆ. ಮೀಟರ್ ಕೆಟ್ಟಿಲ್ಲ, ನಿಮ್ಮ ಲೆಕ್ಕವೂ ತಪ್ಪಿಲ್ಲ. ಟಂಗ್‌ಸ್ಟನ್ ತಂತಿ ಬಿಸಿಯಾದಷ್ಟೂ ಅದರ ರೋಧ ಏರುತ್ತದೆ.

6. ಮೋಟಾರಿಗೆ ಹೀಟರ್ ಲೆಕ್ಕ ಬೇಡ
ಪಂಪ್‌ಸೆಟ್‌ನ ವೈಂಡಿಂಗ್ ರೋಧ ಅಳೆದು, ವೋಲ್ಟೇಜನ್ನು ಅದರಿಂದ ಭಾಗಿಸಬೇಡಿ. ತಿರುಗುವ ಮೋಟಾರು ಸಪ್ಲೈಗೆ ಎದುರಾಗಿ ತನ್ನದೇ ವೋಲ್ಟೇಜ್ ಹುಟ್ಟಿಸುತ್ತದೆ. ಸಾಮರ್ಥ್ಯ ಕಾಣಲು ವೋಲ್ಟ್ × ಆಂಪಿಯರ್ ಸಾಲದು; ಪವರ್ ಫ್ಯಾಕ್ಟರ್‌ನಿಂದಲೂ ಗುಣಿಸಬೇಕು. ಇಲ್ಲಿ ಹೆಚ್ಚುಕಡಿಮೆ ಬದಲಾಗದೆ ಉಳಿಯುವುದು ಎತ್ತಬೇಕಾದ ನೀರಿನ ಹೊರೆ. ಆದ್ದರಿಂದ ವೋಲ್ಟೇಜ್ ಇಳಿದಾಗ ಹೀಟರ್ ಕರೆಂಟ್ ಕಡಿಮೆ ಎಳೆದರೆ, ಮೋಟಾರು ಹೆಚ್ಚು ಎಳೆಯುತ್ತದೆ. ಲೋ ವೋಲ್ಟೇಜಿಗೆ ರೈತರ ಮೋಟಾರು ಸುಡುವುದು ಹೀಗೆ.

7. ನಷ್ಟದ ಲೆಕ್ಕಕ್ಕೆ ಆಂಪಿಯರ್ ವರ್ಗ
ಗೀಸರ್ ಪ್ಲಗ್‌ನಲ್ಲಿ ತಂತಿ ಸಡಿಲವಾಗಿ ಅರ್ಧ ಓಮ್ ರೋಧ ಸೇರಿತು ಎಂದುಕೊಳ್ಳಿ. 230 × 230 ÷ 0.5 ಎಂದು ಹೊರಟರೆ ಒಂದು ಲಕ್ಷ ವ್ಯಾಟ್ ದಾಟುತ್ತದೆ! ಆ 230 ವೋಲ್ಟ್ ಬೀಳುವುದು ಇಡೀ ಮಂಡಲದ ಮೇಲೆ, ಸಡಿಲ ಜಾಗದ ಮೇಲಲ್ಲ. ಅಲ್ಲಿ ಹರಿಯುವ ಕರೆಂಟ್ ಹಿಡಿಯಿರಿ: 8.7 × 8.7 × 0.5, ಸುಮಾರು 38 ವ್ಯಾಟ್. 25 ವ್ಯಾಟ್‌ನ ಸೋಲ್ಡರಿಂಗ್ ಐರನ್ ಸೀಸ ಕರಗಿಸುತ್ತದೆ. ಅದಕ್ಕಿಂತ ಹೆಚ್ಚಿನ ಶಾಖ ಪ್ಲಗ್‌ನೊಳಗೆ ಕೂತಿದೆ. ಪ್ಲಗ್ ಕಪ್ಪಾಗಿದ್ದರೆ ಇಂದೇ ಬಿಗಿ ಮಾಡಿಸಿ.

1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ದೂರ ಕರೆಂಟ್ ಸಾಗಿದ್ದೂ ಈ ವರ್ಗದ ಲೆಕ್ಕದ ಮೇಲೆಯೇ. ವೋಲ್ಟೇಜ್ ಎರಡು ಪಟ್ಟಾದರೆ ಅಷ್ಟೇ ಸಾಮರ್ಥ್ಯಕ್ಕೆ ಕರೆಂಟ್ ಅರ್ಧ ಸಾಕು, ತಂತಿಯಲ್ಲಿ ನಷ್ಟ ಕಾಲುಭಾಗ. ಅದಕ್ಕೇ ಅಲ್ಲಿ ಹತ್ತಾರು ಸಾವಿರ ವೋಲ್ಟ್ ಬಳಸಿದರು.

8. ಇನ್ನೊಂದು ದಾರಿಯಿಂದ ತಾಳೆ ನೋಡಿ
ಗೀಸರ್‌ಗೆ ಹಿಂತಿರುಗಿ. 180 × 6.8 = 1224. ಕರೆಂಟಿನ ವರ್ಗದಿಂದ 6.8 × 6.8 × 26.4 = 1221. ಚೂರು ವ್ಯತ್ಯಾಸ ದಶಮಾಂಶ ಬಿಟ್ಟಿದ್ದರಿಂದ. ಲೆಕ್ಕ ಸರಿ ಇದೆ. ಮೀಟರ್ ಹಿಡಿದು ತಾಳೆ ನೋಡುವವರು ಮೂರು ಮಾತು ಮರೆಯಬೇಡಿ: ವೋಲ್ಟ್‌ಮೀಟರ್ ಸಮಾಂತರದಲ್ಲಿ, ಅಮ್ಮೀಟರ್ ಸರಣಿಯಲ್ಲಿ, ಓಮ್ ಅಳೆಯುವುದು ಕರೆಂಟ್ ತೆಗೆದ ಮೇಲೆ ಮಾತ್ರ.

ಇವತ್ತು ಮನೆಯ ಇಸ್ತ್ರಿ ಪೆಟ್ಟಿಗೆಯನ್ನು ತಣ್ಣಗಿರುವಾಗ ತಿರುವಿ ನೋಡಿ, ಆ ಎರಡು ಅಂಕಿಗಳಿಂದ ಆಂಪಿಯರ್ ಮತ್ತು ಓಮ್ ಕಂಡುಹಿಡಿಯಿರಿ. ಆಮೇಲೆ 180 ವೋಲ್ಟ್‌ಗೆ ಮತ್ತೊಮ್ಮೆ ಹಾಕಿ. ಓಮನ್ನು ಅಲುಗಿಸದೆ ವ್ಯಾಟನ್ನು ಇಳಿಸಿದಿರಾದರೆ ಪಾಠ ಕೈಗೆ ಹತ್ತಿತು.