ಮೊಟ್ಟೆಗೂ ಬಾಡಿಗೂ ಒಂದೇ ಕೋಳಿ ಸಾಕೇ?

ಹೊಳಲ್ಕೆರೆ, ಹೊಸದುರ್ಗದ ತೋಟದ ಮನೆಯಿರಲಿ, ಹಿರಿಯೂರು ಕಡೆಯ ಬೆದ್ದಲು ಹೊಲವಿರಲಿ, ಹತ್ತು ಕೋಳಿ ಸಾಕುವವರೆಲ್ಲ ಕೇಳುವುದು ಒಂದೇ: ದಿನಾ ಮೊಟ್ಟೆಯೂ ಸಿಗಬೇಕು, ಹಬ್ಬಕ್ಕೆ ಬಾಡೂ ಆಗಬೇಕು, ಅಂಥ ತಳಿ ಯಾವುದು? ನನ್ನ ಅನುಭವದಲ್ಲಿ ಒಂದು ತಳಿ ಸಾಲದು, ಎರಡು ಬೇಕು.

1. ತಳಿಗಿಂತ ಮೊದಲು ಕೋಳಿ ಮೇಯುವ ಜಾಗ ನೋಡಿ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಗಿರಿರಾಜ ಬೇಗ ಮೈ ತುಂಬುತ್ತದೆ, ಆದರೆ ಭಾರಕ್ಕೆ ಹಾರಲಾರದು. ನಾಯಿ, ಮುಂಗುಸಿಗೆ ಸುಲಭದ ತುತ್ತು. 2005ರಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯ ಬಿಡುಗಡೆ ಮಾಡಿದ ಸ್ವರ್ಣಧಾರ ಅದಕ್ಕಿಂತ ಹಗುರ, ವರ್ಷಕ್ಕೆ 15–20 ಮೊಟ್ಟೆ ಹೆಚ್ಚು. ಬೇಲಿ ಇಲ್ಲದ ಹೊಲದ ಮನೆಗೆ ಸ್ವರ್ಣಧಾರವೇ ಸರಿ.

2. ನಾಟಿ ಹೇಟೆಯನ್ನು ಬಿಡಬೇಡಿ. ಸುಧಾರಿತ ತಳಿಗಳು ಕಾವಿಗೆ ಕೂರುವುದು ಅಪರೂಪ. ಪುಕ್ಕ ಕೆದರಿಕೊಂಡು, ಕೈ ಚಾಚಿದರೆ ಗುರ್ರೆಂದು ಕುಕ್ಕುವ ನಾಟಿ ಕೋಳಿಯೇ ನಮ್ಮ ಮರಿ ಮಾಡುವ ಯಂತ್ರ. ಅದರ ಹೊಟ್ಟೆಯಡಿ ನಾಟಿ ಮೊಟ್ಟೆ 12 ಹಿಡಿಸಿದರೆ, ದೊಡ್ಡ ತಳಿಯದು ಎಂಟೊಂಬತ್ತೇ ಸಾಕು. ಏಳನೇ ರಾತ್ರಿ ಟಾರ್ಚ್ ಹಿಡಿದು ನೋಡಿ. ಒಳಗೆ ಜೇಡರ ಬಲೆಯಂತೆ ಕೆಂಪು ನಾಳ ಕಂಡದ್ದನ್ನು ಇಡಿ, ತಿಳಿಯಾಗಿರುವುದನ್ನು ತೆಗೆಯಿರಿ. 21ನೇ ದಿನಕ್ಕೆ ಮರಿ.

3. ಬೇಸಿಗೆಯಲ್ಲಿ ಕಾವಿಗೆಂದು ಕೂಡಿಡುವ ಮೊಟ್ಟೆ ಅಡುಗೆಮನೆಯಲ್ಲಿ ಬೇಡ. ನಮ್ಮ ಬಿಸಿಲಿಗೆ ಭ್ರೂಣ ಅರ್ಧಂಬರ್ಧ ಬೆಳೆದು ಸಾಯುತ್ತದೆ. ಮಡಕೆಯಲ್ಲಿ ಒದ್ದೆ ಮರಳು, ಮೇಲೆ ಗೋಣಿಚೀಲ, ಅದರ ಮೇಲೆ ಚೂಪು ತುದಿ ಕೆಳಗಾಗಿ ಮೊಟ್ಟೆ. ವಾರ ಮೀರಿದ್ದನ್ನು ತಿಂದುಬಿಡಿ.

4. ತಳಿ ಕೆಡುವುದು ಹುಂಜದಿಂದ. ಮಾರಿಹಬ್ಬ ಬಂತೆಂದರೆ ದಷ್ಟಪುಷ್ಟ ಹುಂಜವನ್ನೇ ಕೊಯ್ಯುತ್ತೇವೆ. ಉಳಿದ ಬಡಕಲು ಹುಂಜ ಮುಂದಿನ ಮರಿಗಳಿಗೆ ಅಪ್ಪನಾಗುತ್ತದೆ. ಹೀಗೆ ನಾಲ್ಕು ವರ್ಷ ನಡೆದರೆ ಮನೆಯ ಕೋಳಿಗಳೆಲ್ಲ ಪಾರಿವಾಳದ ಗಾತ್ರಕ್ಕಿಳಿಯುತ್ತವೆ. ಐದಾರು ತಿಂಗಳಿಗೇ ಒಳ್ಳೆಯ ಹುಂಜ ಆರಿಸಿ ಕಾಲಿಗೆ ದಾರ ಕಟ್ಟಿ, ಅದನ್ನು ಯಾವ ಹಬ್ಬಕ್ಕೂ ಮುಟ್ಟಬೇಡಿ. ಬೆರಳು ನೆಟ್ಟಗಿರಬೇಕು, ಜುಟ್ಟು ಕೆಂಪಗಿರಬೇಕು, ಕಾಳು ಕಂಡರೆ ಹೇಟೆಗಳನ್ನು ಕೂಗಿ ಕರೆಯಬೇಕು. ಎಂಟು-ಹತ್ತು ಹೇಟೆಗೆ ಒಂದು ಸಾಕು. ಗಿರಿರಾಜ ಹುಂಜ ಏರಿ ಏರಿ ನಾಟಿ ಹೇಟೆಯ ಬೆನ್ನು ತರಚುತ್ತದೆ, ಹಗುರ ಹುಂಜವನ್ನೇ ಬಿಡಿ. ಎರಡು ವರ್ಷಕ್ಕೊಮ್ಮೆ ಬೇರೆ ಊರಿನ ಹುಂಜ ತನ್ನಿ. ಅಪ್ಪ-ಮಗಳು ಕೂಡಿದರೆ ಮರಿ ಸೊರಗುತ್ತದೆ.

5. ಗಿರಿರಾಜ, ಸ್ವರ್ಣಧಾರದ ಮೊಟ್ಟೆಯಿಂದ ಮನೆಯಲ್ಲೇ ಮರಿ ಮಾಡಿದರೆ ಅವು ತಾಯಿಯಷ್ಟು ಇಡುವುದಿಲ್ಲ. ಮಿಶ್ರ ತಳಿಯ ಗುಣವೇ ಅದು. ಮೊಟ್ಟೆಗೆ ಹೊಸ ಮರಿ ಕೊಳ್ಳಿ, ಮನೆಯ ಮರಿ ಬಾಡಿಗಿರಲಿ.

6. ಕೊಕ್ಕರೆ ರೋಗ ಬಂದರೆ ಮೇಲಿನ ಯಾವ ಪಾಠವೂ ಉಳಿಯದು. ಅದನ್ನು ತಡೆಯಲು ಮೊದಲ ವಾರದಲ್ಲಿ ಮರಿಯ ಕಣ್ಣಿಗೆ ಲಸೋಟಾ ಲಸಿಕೆಯ ಹನಿ, ಎಂಟನೇ ವಾರ ಆರ್‌ಟುಬಿ ಚುಚ್ಚುಮದ್ದು. ಲಸಿಕೆಯ ಒಂದು ಸೀಸೆ ನೂರಾರು ಕೋಳಿಗಾಗುತ್ತದೆ, ಕಲಸಿದ ಮೇಲೆ ಬೇಗ ಮುಗಿಸಬೇಕು. ಹತ್ತು ಕೋಳಿಗೆ ಸೀಸೆ ಯಾಕೆ ಎಂದು ಸುಮ್ಮನಾಗಬೇಡಿ. ಓಣಿಯ ನಾಲ್ಕು ಮನೆಯವರು ಸೇರಿ ಪಶು ಆಸ್ಪತ್ರೆಯಲ್ಲಿ ಕೇಳಿ, ಒಂದೇ ಬೆಳಿಗ್ಗೆ ಎಲ್ಲ ಕೋಳಿಗೂ ಹಾಕಿಸಿ.