ಕಾಯಿಪಲ್ಯದ ಬಣ್ಣವೂ ಮಿದುಳಿನ ಕ್ಷೇಮವೂ

ರಾಯಚೂರು ಪಟ್ಟಣದಲ್ಲಾಗಲಿ, ದೇವದುರ್ಗ ಮಾನ್ವಿಗಳ ಸಂತೆಯಲ್ಲಾಗಲಿ, ಸಾಯಂಕಾಲವಾದರೆ ಮಿರ್ಚಿ ಭಜಿಯ ಕಡಾಯಿಯ ಸುತ್ತಲೂ ಜನರು ಕೂಡುವರು. ಎಣ್ಣೆಯಲ್ಲಿ ಕರಿದದ್ದನ್ನು ಮಿತಿಮೀರಿ ತಿಂದರೆ ಹೃದಯಕ್ಕೆ ಕೇಡೆಂಬದನ್ನು ಅನೇಕರು ಬಲ್ಲರು. ಅದು ಮಿದುಳಿಗೂ ಕೇಡು ತರಬಹುದೆಂಬದನ್ನು ಬಲ್ಲವರು ಸ್ವಲ್ಪ ಜನರೇ.

ಮಿದುಳು ದೇಹದ ತೂಕದಲ್ಲಿ ನೂರಕ್ಕೆ ಸುಮಾರು ೨ ಪಾಲು. ಆದರೂ ನಾವು ಸುಮ್ಮನೆ ಕೂತಿರುವಾಗ ದೇಹಕ್ಕೆ ಬೇಕಾಗುವ ಪ್ರಾಣವಾಯುವಿನಲ್ಲಿ ನೂರಕ್ಕೆ ಸುಮಾರು ೨೦ ಪಾಲು ಅದಕ್ಕೇ ಸಲ್ಲುವದು. ಪ್ರಾಣವಾಯು ಇಷ್ಟು ಖರ್ಚಾಗುವಲ್ಲಿ, ಕಬ್ಬಿಣವನ್ನು ತುಕ್ಕು ತಿನ್ನುವಂತೆ, ಜೀವಕಣಗಳನ್ನು ಸವೆಯಿಸುವ ಪದಾರ್ಥಗಳೂ ಹುಟ್ಟುವವು. ಇಲಿಗಳಿಗೆ ಬಹುದಿನ ಕೊಬ್ಬಿನ ಆಹಾರವನ್ನು ತಿನ್ನಿಸಿ ಪರೀಕ್ಷಿಸಿದವರು, ಈ ಸವೆತ ಹೆಚ್ಚಿ ಮಿದುಳಿನಲ್ಲಿ ಉರಿಯೂತ ಉಂಟಾಗುವದನ್ನೂ ಜ್ಞಾಪಕಶಕ್ತಿ ಕುಂದುವದನ್ನೂ ಕಂಡಿದ್ದಾರೆ.

ಇದಕ್ಕೆ ಪ್ರತಿಯಾಗಿ ನಿಲ್ಲುವದು ಗಿಡಗಳ ಬಣ್ಣ. ನೇರಳೆಹಣ್ಣಿನಲ್ಲಿಯೂ ಬದನೇಕಾಯಿಯ ಸಿಪ್ಪೆಯಲ್ಲಿಯೂ ಇರುವ ಕಪ್ಪುನೀಲಿ ಬಣ್ಣಕ್ಕೆ ಆಂಥೋಸಯನಿನ್ ಎಂದು ಹೆಸರು. ಗಜ್ಜರಿ, ಕುಂಬಳ, ಪಪ್ಪಾಯಿಗಳ ಹಳದಿಗೆಂಪು ಬಣ್ಣವು ಕೆರೊಟಿನಾಯ್ಡ್ ಜಾತಿಯದು. ಇದು ಸೊಪ್ಪುಗಳಲ್ಲಿಯೂ ಹಸುರಿನ ಮರೆಯಲ್ಲಿ ಅಡಗಿರುವದು. ಅದೇ ಜಾತಿಯ ಲೂಟೀನ್ ಎಂಬದು ಮನುಷ್ಯರ ಮಿದುಳಿನಲ್ಲಿಯೇ ದೊರೆತಿದೆ. ಗಿಡವು ಉರಿಬಿಸಿಲಿನಿಂದ ತನ್ನನ್ನು ಕಾಪಾಡಿಕೊಳ್ಳುವದಕ್ಕೂ ಈ ಬಣ್ಣಗಳನ್ನು ಉಪಯೋಗಿಸುವದು. ಕೊಬ್ಬು ತಿಂದ ಇಲಿಗಳಿಗೆ ಇಂಥ ಬಣ್ಣಗಳನ್ನು ಕೊಟ್ಟ ಹಲವು ಪರೀಕ್ಷೆಗಳಲ್ಲಿ ಉರಿಯೂತ ತಗ್ಗಿತು, ಜ್ಞಾಪಕಶಕ್ತಿಯೂ ಸ್ವಲ್ಪಮಟ್ಟಿಗೆ ಉಳಿಯಿತು.

ಆದರೆ ಇಲಿಯಲ್ಲಿ ಕಂಡದ್ದೆಲ್ಲಾ ಮನುಷ್ಯರಲ್ಲಿ ಸ್ಥಿರಪಟ್ಟಿಲ್ಲ. ಆದಕಾರಣ ದಿನಾಲೂ ಭಜಿ ತಿಂದು, ಹಿಡಿ ನೇರಳೆಹಣ್ಣಿನಿಂದ ದೋಷ ತೀರಿತೆಂದು ಯಾರೂ ಎಣಿಸಬಾರದು. ಬಣ್ಣದ ಗುಳಿಗೆಗಳಿಗೆಂದು ಕೂಲಿಯ ಹಣವನ್ನು ಚೆಲ್ಲುವದೂ ಬೇಡ.

ಮನೆಯಲ್ಲಿ ಮಾಡತಕ್ಕದ್ದು ಇಷ್ಟೇ. ಬದನೇಕಾಯಿಯ ಸಿಪ್ಪೆಯನ್ನು ತೆಗೆಯಬೇಡಿರಿ. ಅದರ ಬಣ್ಣ ನೀರಿನಲ್ಲಿ ಕರಗುವದರಿಂದ ಬೇಯಿಸಿದ ನೀರನ್ನು ಬಸಿದು ಚೆಲ್ಲಬೇಡಿರಿ. ಕೆರೊಟಿನಾಯ್ಡ್ ದೇಹಕ್ಕೆ ಹತ್ತಬೇಕಾದರೆ ಸ್ವಲ್ಪ ಎಣ್ಣೆ ಬೇಕು. ಆದದರಿಂದ ಎಣ್ಣೆಯನ್ನು ಪೂರ್ತಿ ಬಿಡಬೇಕೆಂದಲ್ಲ, ಒಗ್ಗರಣೆಯಷ್ಟು ಸಾಕು. ಕರಿದ ಎಣ್ಣೆಯನ್ನು ತಿರಿತಿರಿಗಿ ಕಾಯಿಸಬೇಡಿರಿ.

ಜೋಳದ ರೊಟ್ಟಿ, ಪುಂಡಿಪಲ್ಯ, ರಾಜಗಿರಿ ಸೊಪ್ಪು, ಇವು ಬಡವರ ಊಟವೆಂದು ನಾಚುವವರುಂಟು. ಇವುಗಳನ್ನು ಬಿಟ್ಟು ಕರಿದದ್ದನ್ನೇ ನೆಚ್ಚುವ ಮನೆಯು ಹೆಚ್ಚು ಹಣ ಕೊಟ್ಟು ಕಡಿಮೆ ಕ್ಷೇಮವನ್ನು ಕೊಳ್ಳುವದು.

ಪ್ರಶ್ನೆಗಳು:
೧. ಕೊಬ್ಬು ಹೆಚ್ಚಾದರೆ ಮಿದುಳಿಗೆ ಆಗಬಹುದಾದ ಕೇಡು ಯಾವದು?
೨. ಪಲ್ಯಕ್ಕೆ ಸ್ವಲ್ಪ ಎಣ್ಣೆ ಯಾಕೆ ಬೇಕು?
೩. ಈ ವಾರ ನಿಮ್ಮ ಮನೆಯಲ್ಲಿ ಎಷ್ಟು ಬಣ್ಣದ ಕಾಯಿಪಲ್ಯ ಉಂಡಿರಿ?