ಕಟ್ಟಿಗೆ ಕೊರೆಯುವ ದುಂಬಿ: ಅದರ ಗೂಡನ್ನು ಗುರುತಿಸುವ ಕ್ರಮ

ಹುಬ್ಬಳ್ಳಿಯ ವಿದ್ಯಾನಗರದಂಥ ಗಿಡಮರಗಳುಳ್ಳ ಬಡಾವಣೆಗಳಲ್ಲಿಯೂ, ಸುತ್ತಲಿನ ಹಳ್ಳಿಗಳ ಹಿತ್ತಿಲುಗಳಲ್ಲಿಯೂ ದಪ್ಪನೆಯ ಕಪ್ಪು ದುಂಬಿಯೊಂದು ಗುಂಯ್‌ಗುಡುತ್ತ ಸುಳಿದಾಡುವುದು ಎಲ್ಲರೂ ಕಂಡ ಸಂಗತಿಯಾಗಿದೆ. ಇದನ್ನು ಕೆಲವರು ಇಂಗ್ಲಿಷ್ ಪುಸ್ತಕಗಳಲ್ಲಿ ಬರುವ ಬಂಬಲ್‌ಬೀ ಎಂದು ತಿಳಿಯುವರು. ಆದರೆ ಬಂಬಲ್‌ಬೀ ತಂಪು ಹವೆಯ ಹುಳವು. ಭಾರತದಲ್ಲಿ ಅದರ ನೆಲೆಯು ಹಿಮಾಲಯ ಮತ್ತು ಈಶಾನ್ಯದ ಬೆಟ್ಟಗಳು. ಧಾರವಾಡ ಸೀಮೆಯ ಈ ದುಂಬಿಯು ಬಡಗಿಯಂತೆ ಕಟ್ಟಿಗೆಯನ್ನು ಕೊರೆದು ವಾಸಿಸುವ ಬೇರೆ ಜಾತಿಯದು.

ಇದರಿಂದ ಜೇನು ದೊರೆಯುವುದಿಲ್ಲವಾದ ಕಾರಣ ಜನರು ಇದನ್ನು ಉಪಯೋಗವಿಲ್ಲದ್ದೆಂದು ಎಣಿಸಿ, ಗೂಡಿನ ತೂತಿಗೆ ಸೀಮೆಎಣ್ಣೆ ಸುರಿದು ಕೊಲ್ಲುವುದುಂಟು. ಇದು ಒಕ್ಕಲುತನಕ್ಕೆ ಹಾನಿಕರವು.

ದುಂಬಿಯ ಉಪಕಾರ

ಬದನೆ ಮತ್ತು ಟೊಮೆಟೊ ಹೂಗಳಲ್ಲಿ ಪರಾಗವು ಕೇಸರಗಳ ತುದಿಯ ಸಣ್ಣ ರಂಧ್ರದಿಂದ ಮಾತ್ರ ಹೊರಬೀಳುತ್ತದೆ. ದುಂಬಿಯು ಹೂವನ್ನು ಅಪ್ಪಿ ಹಿಡಿದು ಮೈಯನ್ನು ಅದುರಿಸಲು, ಪರಾಗವು ಪುಡಿಯಾಗಿ ಉದುರುವುದು. ಜೇನ್ನೊಣಕ್ಕೆ ಈ ವಿದ್ಯೆಯು ತಿಳಿಯದು. ತೊಗರಿ, ಸೆಣಬು ಮೊದಲಾದ ಬೆಳೆಗಳ ಬಿಗಿಯಾದ ಹೂಗಳನ್ನೂ ದುಂಬಿಯು ತನ್ನ ಭಾರದಿಂದ ತೆರೆಯಬಲ್ಲದು.

ಗೂಡಿನ ಗುರುತುಗಳು

ಗೂಡು ಒಣಗಿದ ಕೊಂಬೆ, ಹಳೆಯ ತೊಲೆ, ಜಂತಿ, ಬೇಲಿಯ ಗೂಟ ಹಾಗೂ ಬಿದಿರಿನ ಗಳಗಳಲ್ಲಿ ಇರುತ್ತದೆ. ಬೆರಳು ಹೋಗುವಷ್ಟು ಅಗಲವಾದ ದುಂಡನೆಯ ತೂತು ಕಂಡು, ಅದರ ಕೆಳಗೆ ನೆಲದ ಮೇಲೆ ಗರಗಸದಿಂದ ಬಿದ್ದಂಥ ಒರಟು ಹುಡಿ ಇದ್ದರೆ, ಅದು ದುಂಬಿಯ ಗೂಡೆಂದು ತಿಳಿಯತಕ್ಕದ್ದು. ಸೂಜಿಯ ಮೊನೆಯಷ್ಟು ಸಣ್ಣ ತೂತುಗಳೂ ಹಿಟ್ಟಿನಂಥ ನುಣ್ಣನೆಯ ಹುಡಿಯೂ ಕಂಡರೆ ಅದು ಕಟ್ಟಿಗೆಯನ್ನು ತಿನ್ನುವ ಬೇರೆ ಹುಳದ ಕೆಲಸವು. ದುಂಬಿಯು ಕಟ್ಟಿಗೆಯನ್ನು ತಿನ್ನುವುದಿಲ್ಲ. ಕೊರೆದು ಹೊರಗೆ ಚೆಲ್ಲುವುದಷ್ಟೇ.

ನೋಡುವ ಕ್ರಮ

ಮುಂಜಾನೆ ತೂತಿನ ಎದುರಿಗೆ ನಿಲ್ಲದೆ ಪಕ್ಕಕ್ಕೆ ಸರಿದು, ಅಲುಗಾಡದೆ ನೋಡಬೇಕು. ಹಿಂಗಾಲುಗಳಿಗೆ ಹಳದಿಯ ಪರಾಗವನ್ನು ಅಂಟಿಸಿಕೊಂಡು ಬರುವುದು ತಾಯಿದುಂಬಿ. ಗೂಡಿನ ಬಳಿ ಗಾಳಿಯಲ್ಲಿ ಒಂದೇ ಕಡೆ ನಿಂತಂತೆ ಹಾರುತ್ತ, ಬಂದವರ ಕಡೆಗೆ ನುಗ್ಗುವುದು ಸಾಮಾನ್ಯವಾಗಿ ಗಂಡು. ಅದಕ್ಕೆ ಚುಚ್ಚುವ ಮುಳ್ಳೇ ಇಲ್ಲವಾದ್ದರಿಂದ ಹೆದರಬೇಕಾದುದಿಲ್ಲ. ಹೆಣ್ಣು ಚುಚ್ಚಬಲ್ಲದಾದರೂ ಕೈಯಿಂದ ಹಿಡಿದು ಹಿಂಸಿಸಿದ ಹೊರತು ಚುಚ್ಚುವುದು ಅಪರೂಪ. ಗೂಡಿನೊಳಗೆ ಕಡ್ಡಿ ತೂರಿಸಬಾರದು.

ಒಳಗೆ ತಾಯಿಯು ಪರಾಗ ಮತ್ತು ಮಕರಂದವನ್ನು ಕಲಸಿ ಉಂಡೆ ಮಾಡಿ, ಅದರ ಮೇಲೆ ಒಂದು ಮೊಟ್ಟೆಯನ್ನಿಟ್ಟು, ಕಟ್ಟಿಗೆಯ ಹುಡಿಯಿಂದ ಅಡ್ಡಗೋಡೆ ಕಟ್ಟುತ್ತದೆ. ಹೀಗೆ ಒಂದರ ಮುಂದೊಂದು ಕೋಣೆಗಳಾಗುವುವು. ಕೀಟಗಳ ಮೊಟ್ಟೆಗಳಲ್ಲಿ ಇವು ಅತಿ ದೊಡ್ಡವುಗಳ ಸಾಲಿಗೆ ಸೇರಿದವು. ಆದರೆ ಒಂದು ಗೂಡಿನಲ್ಲಿ ಇರುವುದು ಕೆಲವೇ ಮೊಟ್ಟೆಗಳು. ಜೇನುಹುಟ್ಟಿನಲ್ಲಿ ಸಾವಿರಾರು ಹುಳಗಳಿದ್ದು ಕೆಲವು ಸತ್ತರೂ ಕುಲವು ಉಳಿಯುವುದು. ಇಲ್ಲಿಯಾದರೋ ಒಬ್ಬ ತಾಯಿಯನ್ನು ಕೊಂದರೆ ಆ ಗೂಡಿನ ಮುಂದಿನ ಸಂತತಿಯೇ ಕುಂಠಿತವಾಗುತ್ತದೆ.

ಮಾಡತಕ್ಕ ಏರ್ಪಾಡು

1. ಬದುವಿನ ಮೇಲಿನ ಒಣಮರಗಳನ್ನೂ ಹಳೆಯ ಬಿದಿರನ್ನೂ ಪೂರ್ಣವಾಗಿ ಸುಡದೆ, ಜನರಿಗೆ ಅಪಾಯವಾಗದ ಸ್ಥಳದಲ್ಲಿ ಕೆಲವನ್ನು ಉಳಿಸಬೇಕು.

2. ಮನೆಯ ತೊಲೆಗಳನ್ನು ಕಾಪಾಡಬೇಕಾದರೆ ಅವುಗಳಿಗೆ ಬಣ್ಣ ಬಳಿಯಬೇಕು. ಹಳೆಯ ತೂತುಗಳನ್ನು ಮುಚ್ಚುವುದಾದರೆ, ಮರಿಗಳು ಹೊರಟುಹೋದುದನ್ನು ಹಲವು ದಿನ ನೋಡಿ ಖಚಿತಪಡಿಸಿಕೊಂಡ ಮೇಲೆಯೇ ಮುಚ್ಚತಕ್ಕದ್ದು.

3. ದುಂಬಿಗಳು ಹೂವಿನ ಮೇಲಿರುವ ಹೊತ್ತಿನಲ್ಲಿ ಕೀಟನಾಶಕವನ್ನು ಸಿಂಪಡಿಸಬಾರದು.

ಗ್ರಾಮದ ಮುಖ್ಯಸ್ಥರು ಊರಿನ ಗೂಡುಗಳ ಸ್ಥಳ ಮತ್ತು ತಿಂಗಳನ್ನು ಒಂದು ಪುಸ್ತಕದಲ್ಲಿ ಬರೆದಿಡುತ್ತ ಬಂದರೆ, ದುಂಬಿಗಳು ಹೆಚ್ಚುತ್ತಿವೆಯೋ ಕಡಿಮೆಯಾಗುತ್ತಿವೆಯೋ ಎಂಬುದು ಎರಡು ಮೂರು ವರ್ಷಗಳಲ್ಲಿ ತಿಳಿದುಬರುವುದು. ಸಂದೇಹವಿದ್ದವರು, 1947ರಲ್ಲಿ ಕಾಲೇಜಾಗಿ ಆರಂಭಗೊಂಡು 1986ರಲ್ಲಿ ವಿಶ್ವವಿದ್ಯಾಲಯವಾದ ಧಾರವಾಡದ ಕೃಷಿ ವಿದ್ಯಾಸಂಸ್ಥೆಯ ಕೀಟಶಾಸ್ತ್ರಜ್ಞರನ್ನು ವಿಚಾರಿಸಬಹುದು. ಒಣಕೊಂಬೆಯ ಒಂದು ತೂತನ್ನು ಉಳಿಸಲು ರೈತನಿಗೆ ಕಾಸಿನ ಖರ್ಚಿಲ್ಲ. ಅದರ ಫಲವು ಅವನ ಬದನೆಯ ಮಡಿಯಲ್ಲಿಯೇ ಕಾಣುವುದು.